ದಾರ ಕಟ್ಟಿದ ಲೋಟಗಳು

ಸಕ್ಕರಿ ಜಾಸ್ತಿ ಆದರ ಗಟ್ಟಿ ಆಗಲ್ಲ.
ಮೂರು ಬ್ಯಾಸಿಗಿ ಕೆಡಿಸಿಕೊಂಡು ಕಲಿತ ಮಾತು ಇದು.
ಲೋಟನೂ ಕಂಠದ ತನಕ ತುಂಬಬಾರದು,
ಎರಡು ಬೆರಳು ಜಾಗ ಬಿಡಬೇಕು.
ಬರ್ಫ ಆಗೋ ಮುಂದ ನೀರು ಎದಿ ಉಬ್ಬಿಸ್ತದ,
ಮದುವಿ ಗೊತ್ತಾದ ಹುಡುಗನ ಹಂಗ.

ಶಹಾಬಾದದ ನಮ್ಮ ಓಣಿಯಾಗ
ನೆಲ ಕಲ್ಲು, ಗ್ವಾಡಿ ಕಲ್ಲು, ಕಟ್ಟಿ ಕಲ್ಲು,
ಛತ್ತಿಗೂ ಅದೇ ಪರಸಿ.
ಹಗಲೆಲ್ಲ ಬಿಸಿಲು ಕುಡಿದು
ರಾತ್ರಿ ಎರಡರ ತನಕ ನಮ್ಮ ಮ್ಯಾಲ ಉಗುಳ್ತಾವ.
ಬೆಕ್ಕು ಸುದ್ದಾ ಹೆಜ್ಜಿ ಎಣಿಸಿ ಇಡ್ತದ.

ಇಷ್ಟು ಮನಿಗಿ ಫ್ರಿಜ್ಜು ಒಂದೇ, ನಮ್ಮದು.
ಕಲಬುರಗಿಯಾಗ ಯಾವುದೋ ಲಾಡ್ಜ್ ಬಂದ್ ಆದಾಗ ತಂದದ್ದು.
ಬಾಗಿಲ ಮ್ಯಾಲ ಇನ್ನೂ ‘ರೂಮ್ ೧೦೪’ ಅಂತ ಪೇಂಟು.
ರಬ್ಬರು ಸಡಿಲ ಆಗ್ಯಾದ,
ಒಂದು ಸ್ಟೂಲು ಆನಿಸಿ ಇಡ್ತೀವಿ.

ಪರೀಕ್ಷಾ ಮುಗಿದ ಮರುದಿನವೇ ಹುಡುಗರ ದಂಡು,
ಕೈಯಾಗ ಒಬ್ಬೊಬ್ಬರದು ಒಂದೊಂದು ಲೋಟ.
ಸ್ಟೀಲಿಂದು, ಜರ್ಮನ್ನಿಂದು, ಒಂದು ಔಷಧಿ ಬಾಟಲಿ ಮುಚ್ಚಳ.
ಅದಲು ಬದಲು ಆಗಿ ಜಗಳ ಬ್ಯಾಡ ಅಂತ
ಎಲ್ಲಾದರ ಸೊಂಟಕ್ಕ ದಾರ ಕಟ್ಟೀನಿ.
ತಸ್ಲೀಮಾಗ ಹಸಿರು, ಗುಂಡೇರಾಯಗ ಕೆಂಪು,
ಅವಳಿ-ಜವಳಿ ಇಬ್ಬರಿಗೂ ನೀಲಿನೇ,
ಒಬ್ಬಗ ಒಂದು ಗಂಟು, ಇನ್ನೊಬ್ಬಗ ಎರಡು.
ಮುಚ್ಚಳ ಯಾರದಂತ ಕೇಳಬ್ಯಾಡ್ರಿ,
ರುಕ್ಮಾಬಾಯಿ ಆಯಿದು.
ಹಲ್ಲಿಲ್ಲ, ಆಸಿ ಅದ.

ಮಾವಿನಕಾಯಿ ಕೆಂಡದಾಗ ಸುಟ್ಟು ಹಿಚುಕಿ
ಬೆಲ್ಲ, ಹುರದ ಜೀರಿಗಿ, ಚಿಟಿಕಿ ಕರಿ ಉಪ್ಪು.
ಹಾಲು ಉಳಿದ ದಿನ ಕುಲ್ಫಿ,
ಅರ್ಧಕ್ಕ ಇಳಿಯೋ ತನಕ ಕುದಿಸಿ, ಬ್ರೆಡ್ಡಿನ ಪುಡಿ ಹಾಕಿ.
ಕಡ್ಡಿಗಿ ಜ್ವಾಳದ ದಂಟಿನ ಸೀಳು.
ಒಂದು ತಾಸು ಬಿಟ್ಟು ಚುಚ್ಚಬೇಕು,
ಅವಸರ ಮಾಡಿದರ ಕುಡದವರ ಹಂಗ ವಾಲ್ತದ.

‘ಆಯ್ತೇನ್ ಚಿಗವ್ವ?’
ಬಾಗಿಲು ತೆರೀತಾರ, ಹೊಗಿ ಹಂಗ ತಂಪು ಹೊರಗ ಬೀಳ್ತದ,
ಮುಖ ಒಡ್ಡಿ ನಿಂದ್ರತಾರ.
ತೆಗೆದಷ್ಟೂ ತಡ, ಅಂದರ ಯಾರು ಕೇಳಬೇಕು!
ತಡಾನೇ ಬೇಕಾಗಿತ್ತೇನೋ ಅವರಿಗಿ.

ಮಧ್ಯಾಹ್ನ ಎರಡಕ್ಕ ಗುರ್ ಅನ್ನೋದು ನಿಂತಿತು.
ಕರೆಂಟು ಹೋಯ್ತು.
ಹುಡುಗರೆಲ್ಲ ತಿರುಗಿ ನನ್ನನ್ನೇ ನೋಡಿದರು,
ಯಾಕಂದರ ಲೈನ್‌ಮನ್ ಅಂಬಾರಾಯ ನನ್ನ ಗಂಡ.
ಫೋನ್ ಹಚ್ಚಿ ಕೊಟ್ಟೆ.
‘ಕಾಕಾ, ನಮ್ಮ ಬರ್ಫ ಕರಗಲಕತ್ತದ.’
‘ಕಂಬದ ಮ್ಯಾಲ ನಾನೂ ಕರಗಲಕತ್ತೀನಿ, ಇಡ್ರಿ.’

ಟ್ರಂಕಿನಿಂದ ಕೌದಿ ತೆಗೆದು ಫ್ರಿಜ್ಜಿಗಿ ಹೊಚ್ಚಿದೆ.
‘ಚಳಿ ಬಂದದೇನು ಅದಕ್ಕ?’ ಗುಂಡೇರಾಯ ನಕ್ಕ.
ಹೊರಗಿನ ಸೆಕಿ ಒಳಗ ಹೋಗಬಾರದು, ಮಗಾ,
ಕೌದಿಗಿ ಏನು ಗೊತ್ತು ಚಳಿಗಾಲ ಯಾವುದು, ಬ್ಯಾಸಿಗಿ ಯಾವುದು.
ಆಮ್ಯಾಲ ಯಾರೂ ಬಾಗಿಲು ಮುಟ್ಟಲಿಲ್ಲ.
ಜಡ್ಡು ಮಲಗಿದವರ ಸುತ್ತ ಕುಂತಂಗ ಕುಂತರು,
ಮಾತು ಸುದ್ದಾ ಸಣ್ಣಾಗಿ.

ಐದೂವರಿಗಿ ಗುರ್ ಅಂತು.
ಕೂಗು ಕೇಳಿ ನಾಯಿ ಹೆದರಿ ಓಡಿತು.
ಸುತ್ತ ಗಟ್ಟಿ, ನಡುವ ಬರೀ ರಸ,
ತಡಿಯೋ ತಾಳ್ಮಿ ಯಾರಿಗದ? ಚಮಚಾ ಬಂದವು.

ಆಗ ಬಂದ ಅವ.
ಅಂಗಿ ಮ್ಯಾಲ ಉಪ್ಪಿನ ಗೆರಿ, ಅಂಗೈ ಕೆಂಪು.
ಕಟ್ಟಿ ಮ್ಯಾಲ ಕುಂತು ಎಲ್ಲಾ ಲೋಟ ನೋಡಿದ,
ಹಸಿರು, ಕೆಂಪು, ನೀಲಿ,
ಏನೂ ಅನ್ನಲಿಲ್ಲ.
ಹನ್ನೊಂದು ದಾರ ಕಟ್ಟಿದ ನನ್ನ ಕೈಗಿ
ಹನ್ನೆರಡನೆಯದು ನೆನಪಾಗಿರಲಿಲ್ಲ.

ತಸ್ಲೀಮಾ ಅವನ ಬುತ್ತಿ ಡಬ್ಬಿ ಮುಚ್ಚಳ ತೆರೆದು
ಒಂದು ಚಮಚಾ ಹಾಕಿದಳು. ಆಮ್ಯಾಲ ಉಳಿದವರು,
ಹುಳಿ ಮ್ಯಾಲ ಹಾಲು, ಹಾಲಿನ ಮ್ಯಾಲ ಬೆಲ್ಲ,
ಆಯಿ ತನ್ನ ಮುಚ್ಚಳದಾಗಿಂದ ಅರ್ಧ.
ಯಾವ ಬಣ್ಣ ಅಂತ ಹೇಳಲಿಕ್ಕ ಬರಲ್ಲ.
ಕಣ್ಣು ಮುಚ್ಚಿ ತಿಂದ.

ಮರುದಿನ ಮುಂಜಾನಿ ಫ್ರಿಜ್ಜು ತೆರೆದರ
ಲೋಟ ಒಂದು ಹೆಚ್ಚಿಗಿ.
ಸೊಂಟಕ್ಕ ತಾಮ್ರದ ತಂತಿ.
ಗಂಟು ಮಾತ್ರ ಸರ್ಕಾರಿ,
ಬಿಚ್ಚಬೇಕಂದರ ಇಕ್ಕಳ ಬೇಕು.