ಇರುಳ ಮಗ್ಗುಲು

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ
ಒಂದೇ ತಂತಿಗೆ ಆರು ಹೊಲಿಗೆ ಮಷೀನು, ಒಂದು ಬಲ್ಬು.
ಯಾರ ಕಾಲು ಪೆಡಲಿಗೆ ಬಿದ್ದರೂ
ಬಲ್ಬು ಒಂದು ಗುಟುಕು ಬೆಳಕು ನುಂಗುತ್ತಿತ್ತು.
ಗೋಡೆಗೆ ಮುಖ ಹಾಕಿ ಮಗ್ಗಿ ಒಪ್ಪಿಸುತ್ತಲೇ
ಹೇಳಿಬಿಡುತ್ತಿದ್ದೆ ನಾನು:
ಈಗ ಮಾರೆಕ್ಕ, ಜೇಬು.
ಈಗ ಮಾಬುನ್ನಿ, ಜಿಪ್ಪು.
ಇಷ್ಟು ಕುಸಿದರೆ ಓವರ್‌ಲಾಕು, ಗಾದಿಲಿಂಗ ಮಾಮ.
ಹಿಂತಿರುಗಿ ನೋಡಿದ ನೆನಪಿಲ್ಲ.

ಈಗಲೂ ಅದೇ ಕೆಲಸ.
ಬಲ್ಬು ಮಾತ್ರ ಎಪ್ಪತ್ತು ಬೆಳಕಿನ ವರ್ಷ ಆಚೆ,
ಕೆಂಪಗೆ, ಸಣ್ಣಗೆ, ಮುದುಡಿ ಉರಿಯುವ ನಕ್ಷತ್ರ.
ಹೆಸರಿಲ್ಲ, ನಂಬರು ಇದೆ
ರೇಷನ್ ಕಾರ್ಡಿಗೆ ಇದ್ದಂತೆ.
ಹದಿನೇಳು ತಾಸಿಗೊಮ್ಮೆ ಅದರ ಬೆಳಕು
ಸಾವಿರಕ್ಕೊಂದು ಪಾಲು ತಗ್ಗುತ್ತದೆ.
ಏನೋ ಅಡ್ಡ ದಾಟಿತು.
ಕಲ್ಲು, ಅನ್ನುತ್ತದೆ ತೂಕದ ಲೆಕ್ಕ.
ಅಲ್ಲಿ ಹದಿನೇಳು ತಾಸಿಗೆ ಒಂದು ವರ್ಷ:
ಬೆಳಿಗ್ಗೆ ಒಗ್ಗರಣೆ ಮಿರ್ಚಿ ತಿನ್ನುವಾಗ ಯುಗಾದಿಯಾದರೆ
ನಡುರಾತ್ರಿಗೆ ಇನ್ನೊಂದು ಯುಗಾದಿ.
ಬೇವು ಸಾಲದು.

ಎರಡನೆಯದೂ ಒಂದಿದೆ, ಐದು ದಿನದ್ದು.
ಹೇಳಿದ ಹೊತ್ತಿಗೆ ಬರುವುದಿಲ್ಲ.
ಒಮ್ಮೆ ನಾಲ್ಕು ನಿಮಿಷ ತಡ, ಒಮ್ಮೆ ಮೂರು ನಿಮಿಷ ಮುಂಚೆ.
ಮೊದಲು ನನ್ನ ಲೆಕ್ಕವನ್ನು ಬೈದುಕೊಂಡೆ,
ಆಮೇಲೆ ಗಡಿಯಾರವನ್ನು.
ಮಾರೆಕ್ಕನೂ ಹೀಗೇ, ಒಂದು ಬೇಸಿಗೆಯಿಡೀ
ಕೆಲಸಕ್ಕೆ ಹಿಂದುಮುಂದಾಗಿ ಬರುತ್ತಿದ್ದಳು.
ಮಿಲ್ಲರ್ ಪೇಟೆಯ ತಿರುವಿನಲ್ಲಿ ಯಾರೋ ಇದ್ದ.
ಅವನನ್ನು ನಾವ್ಯಾರೂ ಕಂಡಿಲ್ಲ,
ಅವಳ ತಡವನ್ನಷ್ಟೇ ಕಂಡೆವು.
ಹಾಗಾದರೆ ಮೂರನೆಯದಿದೆ.
ಬೆಳಕಿಗೆ ಅಡ್ಡ ಬರದೆ
ಬರುವವರನ್ನು ತಡೆದು ಮಾತಾಡಿಸುವಂಥದ್ದು.

ಮೊದಲನೆಯ ಕಲ್ಲಿಗೆ ಮಗ್ಗುಲು ಬದಲಿಸುವ ಹಕ್ಕಿಲ್ಲ.
ಒಂದು ಕೆನ್ನೆಗೆ ಎಂದೂ ಮುಗಿಯದ ಮಧ್ಯಾಹ್ನ,
ಬಂಡೆ ಅಂಬಲಿಯಂತೆ ಕುದಿಯುತ್ತದೆ.
ಇನ್ನೊಂದು ಕೆನ್ನೆಯದೇ ನನ್ನ ಪ್ರಶ್ನೆ.
ಮೂರು ವರ್ಷ ಅರ್ಜಿ ಹಾಕಿ
ಇಪ್ಪತ್ತು ತಾಸಿನ ದೂರದರ್ಶಕ ಸಿಕ್ಕಿತು.
ಏಪ್ರಿಲ್ ಕೊನೆಗೆ ಅಂಕಿಗಳು ಬಂದವು,
ಅದೇ ರಾತ್ರಿ ಕರೆಂಟು ಹೋಯಿತು.

ಮಾಳಿಗೆಯ ಮೇಲೆ ಲ್ಯಾಪ್‌ಟಾಪಿನ ಅರ್ಧ ಬ್ಯಾಟರಿ.
ಎದುರಿಗೆ ಬಳ್ಳಾರಿ ಗುಡ್ಡ, ಅಷ್ಟಗಲ ಒಂದೇ ಕಲ್ಲು,
ಹಗಲು ನುಂಗಿದ್ದನ್ನು ನಿಧಾನ ಕಕ್ಕುತ್ತಿದೆ.
ಮಾಬುನ್ನಿ ಬೀಸಣಿಗೆ ಹಿಡಿದು ಹತ್ತಿ ಬಂದಳು.
‘ಏನ್ ನೋಡಾಕತ್ತೀಯವ್ವ?’
‘ಒಂದು ಕಲ್ಲು. ಈ ಕಡಿ ಬೆಂಕಿ.
ಆ ಕಡಿ ಬೆಚ್ಚಗ ಐತೋ ಇಲ್ಲೋ ಅಂತ.’
‘ಬೆಚ್ಚಗ ಇಲ್ದ ಏನು?
ಹೊತ್ತು ಮುಳುಗಿ ಮೂರು ತಾಸಾತು,
ಗುಡ್ಡಕ್ಕ ಬೆನ್ನು ಹಚ್ಚಿ ನೋಡು, ಇನ್ನಾ ಸುಡತೈತಿ.’
‘ಇಲ್ಲಿ ಹಗಲು ಸರತಿ ಮ್ಯಾಲೆ ಬರತೈತಿ. ಅಲ್ಲಿ ಬರಂಗಿಲ್ಲ.’

ಬೀಸಣಿಗೆ ನಿಂತಿತು.
ಅರವತ್ತು ವರ್ಷ ಜಿಪ್ಪಿನ ಎರಡು ಸಾಲು ಕೂಡಿಸಿದ ಕೈ.
‘ಹಂಗಾರ ಗಾಳಿ ಬೇಕು.
ಈ ಮನಿ ಒಲಿ ಆ ಮನಿಗೆ ಕಾವು ಕೊಡಬೇಕಂದ್ರ
ನಡುವ ಯಾರರ ಓಡ್ಯಾಡಬೇಕು.’

ನನ್ನ ಅರ್ಜಿಯ ಹದಿನಾಲ್ಕು ಪುಟದಲ್ಲಿ ಇದ್ದದ್ದು ಅಷ್ಟೇ.

ಗೆರೆ ಮೂಡಿತು. ಏರಿತು, ಇಳಿಯಿತು,
ಇಳಿದದ್ದು ತಳ ಮುಟ್ಟಿ ಮಲಗಿತು.
‘ಯಾರೂ ಓಡ್ಯಾಡಂಗಿಲ್ಲ, ಮಾಬುನ್ನಿ.
ಆ ಕಡಿ ತಣ್ಣಗೈತಿ.’
ಅವಳು ಏನೂ ಅನ್ನಲಿಲ್ಲ.
ಬೀಸಣಿಗೆಯನ್ನು ಒಂದಿಷ್ಟು ನನ್ನ ಕಡೆಗೆ ತಿರುಗಿಸಿದಳು.

ಕರೆಂಟು ಬಂತು.
ಕೆಳಗೆ ಮೆಟ್ಟಿಲ ಬಲ್ಬು ಹತ್ತಿ, ನಿಂತು,
ಒಂದು ಗುಟುಕು ನುಂಗಿತು.
ಮಾಬುನ್ನಿ ನನ್ನ ಪಕ್ಕದಲ್ಲೇ ಇದ್ದಾಳೆ.
ಮಾರೆಕ್ಕ ಹೋಗಿ ಹನ್ನೊಂದು ವರ್ಷ.
ಜೇಬಲ್ಲ, ಜಿಪ್ಪಲ್ಲ, ಓವರ್‌ಲಾಕೂ ಅಲ್ಲ,
ಈ ಕುಸಿತ ನನಗೆ ಗೊತ್ತಿಲ್ಲ.
ಇಳಿದು ನೋಡಬಹುದಿತ್ತು.
ಇನ್ನೊಮ್ಮೆ ಬರಲಿ ಎಂದು
ಎಣಿಸುತ್ತ ಕೂತೆ.