ಅಕ್ಕಿ ಊರಿನಲ್ಲಿ ಈ ಮಾತು

ಗಂಗಾವತಿಯಲ್ಲಿ ಕೂತು
ಅಕ್ಕಿಯ ಮೇಲೆ ಚಾಡಿ ಹೇಳುವುದು ಸುಲಭವಲ್ಲ.
ನನ್ನ ಅಂಗಡಿಯ ಎಡಕ್ಕೆ ಮಿಲ್ಲು, ಬಲಕ್ಕೆ ಮಿಲ್ಲು,
ಒರೆಸಿದ ಗಾಜು ಆರುವಷ್ಟರಲ್ಲಿ
ತೌಡಿನ ಧೂಳು ಬಂದು ಕೂತಿರುತ್ತದೆ.
ಆದರೂ ದಿನಕ್ಕೆ ಮೂರು ಸಲವಾದರೂ ಹೇಳುತ್ತೇನೆ:
ಫೋನು ನೆನೆದರೆ ಅಕ್ಕಿಯೊಳಗೆ ಹುಗಿಯಬೇಡಿ.

ಇವತ್ತು ಗ್ಯಾನಮ್ಮ.
ಮಂಡಿತನಕ ಕೆಸರು ಒಣಗಿ ಬೂದಿಬಣ್ಣವಾದ ಕಾಲು.
ಕ್ಯಾಂಪಿನ ಗದ್ದೆಯಲ್ಲಿ ನೆಲ್ಲು ಹಚ್ಚಲು ಬಗ್ಗಿದ್ದೇ ತಡ
ಸಸಿಗಿಂತ ಮೊದಲು ಫೋನೇ ನಾಟಿಕೊಂಡಿತಂತೆ.
ರಾತ್ರಿಯೆಲ್ಲ ಡಬ್ಬಿಯಲ್ಲಿಟ್ಟಿದ್ದಳಂತೆ.
'ರೇಷನ್ನಿಂದಲ್ಲೋ ಮರ್ದಾನ, ಸೋನಾ ಮಸೂರಿ!'

ವೈರು ಚುಚ್ಚಿ ತೋರಿಸಿದಳು.
ಪರದೆಯ ಮೇಲೆ ಹಳದಿ ತ್ರಿಕೋನ,
ಅದರೊಳಗೆ ಒಂದು ಹನಿ.
'ಇದೇನಿದು, ಅಳಾಕತ್ತೈತೇನು?'
'ಬಾಯಾಗ ಹಸಿ ಐತಿ ಅನ್ನಾಕತ್ತೈತವ್ವ, ಮೊದಲು ವೈರು ಕೀಳು.
ಹೇಳೂ ಫೋನು ಚಲೋದು.
ಹೇಳಲಾರದವು ಸುಟ್ಟ ಮ್ಯಾಲೆ ನನ್ನ ಹಂತ್ಯಾಕ ಬರತಾವ.'

ಅವಳಿಗೆ ಅವಸರ.
ಹದಿನೇಳು ಹೆಣ್ಣಾಳುಗಳ ಒಂದು ವಾರದ ಪಾಳಿ ಅದರೊಳಗಿದೆ.
ಬರೆಯಲು ಬಾರದವಳು ದಿನಾ ಸಂಜೆ ಬದುವಿನ ಮೇಲೆ ನಿಂತು
ಹೆಸರು ಹೆಸರಾಗಿ ಮಾತಿನಲ್ಲೇ ತುಂಬಿದ್ದಾಳೆ.
ಇವತ್ತು ಪಗಾರದ ದಿನ, ಬ್ಯಾಟರಿ ನೂರಕ್ಕೆ ಮೂರು.
'ಒಂದು ಐದು ನಿಮಿಷ ಹಚ್ಚಿ ಬಿಡಪ್ಪ.'
'ಒಂದು ನಿಮಿಷನೂ ಆಗೂದಿಲ್ಲ.'

ಸೆರಗಿನ ಪಿನ್ನು ಬಿಚ್ಚಿದಳು. 'ಬ್ಯಾಡ' ಅಂದೆ.
ತುಟಿ ಮುಂದೆ ಮಾಡಿ ಊದಲು ಹೋದಳು.
'ಉಸರಿನಾಗೂ ನೀರಿರತೈತಿ ಬೇ.'
ಹೊರಗೆ ಕಾದ ಕಟ್ಟೆ ತೋರಿಸಿದಳು.
'ಬಿಸಲಿಗೆ ಬ್ಯಾಟ್ರಿ ಉಬ್ಬತೈತಿ.'
'ಮತ್ತೇನು ಮಾಡಬೇಕು?'
'ಏನೂ ಮಾಡಬಾರದು. ಕುಂದರಬೇಕು.'

ಫೋನು ಆರಿಸಿದೆ. ಬಾಯಿ ಕೆಳಗೆ ಮಾಡಿ
ಅಂಗೈಗೆ ಮೆಲ್ಲಗೆ ತಟ್ಟಿದೆ,
ಹಾಲು ಕುಡಿದ ಕೂಸಿನ ಬೆನ್ನು ತಟ್ಟಿದ ಹಾಗೆ.
ಒಂದು ಹನಿ ಬಿತ್ತು,
ಅದರ ಹಿಂದೆ, ನೋಡಿ, ಒಂದು ಅಕ್ಕಿ ನುಚ್ಚು,
ನೆನೆದು, ಉಬ್ಬಿ, ಬೆಳ್ಳಗೆ.
ಪಾಪ, ತನ್ನ ಹೊಟ್ಟೆಯಷ್ಟು ಕುಡಿದಿತ್ತು ಅದು.
'ನೆಲ್ಲಾಗಿದ್ರ ನಾಳೀಗೆ ಮೊಳಕಿ ಬರತಿತ್ತು'
ಅಂದಳು ಗ್ಯಾನಮ್ಮ. ಮೊದಲ ಸಲ ನಕ್ಕಳು.

ಫ್ಯಾನಿನ ಎದುರು ಫೋನನ್ನು ಓರೆಯಾಗಿ ಆನಿಸಿದೆ.
ವೈರಿನ ತುದಿಯೂ ಒದ್ದೆ ಇತ್ತು, ಅದನ್ನೂ ಪಕ್ಕದಲ್ಲಿ.
ಕರೆಂಟು ಒಮ್ಮೆ ಹೋಗಿ ಬಂತು.
ನಾನು ಬಿಲ್ಲಿನ ಪುಸ್ತಕ ಮಗುಚಿ ಪೆನ್ನು ತೆಗೆದೆ:
'ನೆನಪಿದ್ದಷ್ಟು ಹೇಳು.'
ಕಣ್ಣು ಮುಚ್ಚಿದಳು. ಗದ್ದೆಯ ಸಾಲು ಕಾಣುತ್ತಿತ್ತೋ ಏನೋ,
ಎಡದಿಂದ ಬಲಕ್ಕೆ ಬೆರಳು ಆಡಿಸುತ್ತ ಹೇಳಿದಳು:
ದ್ಯಾಮವ್ವ ಆರು ದಿನ, ಕನಕಮ್ಮ ಆರು, ಬೀಬಿಜಾನ್ ಐದು,
ಸಣ್ಣ ಯಂಕೋಬಮ್ಮ ಆರು, ದೊಡ್ಡ ಯಂಕೋಬಮ್ಮ ನಾಲ್ಕೂವರೆ...
ಹದಿನೇಳೂ ಬಂದವು, ಎಲ್ಲೂ ತಡವರಿಸದೆ.

ಮಿಲ್ಲಿನ ಎರಡನೇ ಪಾಳಿಯ ಹಮಾಲರು ಚಹಾಕ್ಕೆ ಬಂದರು, ಹೋದರು.
ನಾಲ್ಕು ತಾಸು.
ಆಮೇಲೆ ಒಣ ವೈರು ಹಚ್ಚಿದೆ.
ತ್ರಿಕೋನ ಬರಲಿಲ್ಲ.
(ಬಂದಿದ್ದರೆ ನಾಳೆಯ ತನಕ ಕೂರಬೇಕಿತ್ತು,
ಅದನ್ನು ಅವಳಿಗೆ ಹೇಳಿರಲಿಲ್ಲ.)

ತುಂಬಿದ ಮೇಲೆ ವೈರು ಕಿತ್ತು ಅವಳದೇ ದನಿ ಹಚ್ಚಿದಳು.
ಹಿಂದೆ ಕಪ್ಪೆಗಳು, ಯಾರೋ ಕಾಲು ತೊಳೆಯುವ ಸಪ್ಪಳ.
ಲೆಕ್ಕ ಕೂಡಿತು, ಒಂದು ಕಡೆ ಬಿಟ್ಟು:
ಸಣ್ಣ ಯಂಕೋಬಮ್ಮ, ಮಂಗಳವಾರ, ಅರ್ಧ ದಿನ.
ನಾನು ಪೆನ್ನು ಎತ್ತಿದೆ.
ಗ್ಯಾನಮ್ಮ ಕಾಗದದ ಮೇಲೆ ಕೈ ಇಟ್ಟಳು.
'ಫೋನು ಖರೇನ ಹೇಳತೈತಿ.
ಆದ್ರ ಅವತ್ತು ಆಕಿ ಕೂಸಿಗೆ ಜ್ವರ ಇತ್ತೋ.
ಇನ್ನರ್ಧ ನನ್ನ ಪಗಾರದಾಗ ಹಿಡಿಯಲಿ,
ನೀ ಆರಂತ ಬರದದ್ದು ಇರಲಿ.'

ಹೋಗುವಾಗ ಕೇಳಿದಳು, 'ಎಷ್ಟಾತು?'
ಗಾಳಿಗೆ ಎಷ್ಟಂತ ಹೇಳಲಿ?
ಹಾಳೆ ಹರಿದು ಕೊಟ್ಟೆ.
ಈ ಸಲ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ
ಕಾಗದವನ್ನು ಎದೆಯೊಳಗಿಟ್ಟಳು.