ರೊಟ್ಟಿ ಬಡಿಯೋ ಕೈ

ಚೂರಿ ಮುಟ್ಟುವ ಮೊದಲು ನಾನೊಂದು ಹಾಳೆ ಓದುತ್ತೇನೆ.
ಪ್ಲಾಸ್ಟಿಕ್ ಹೊದಿಸಿದ ಹಾಳೆ, ಒಂದು ಮೂಲೆ ಬಿಚ್ಚಿಕೊಂಡಿದೆ,
ಏಳನೆಯ ಸಾಲಿನ ಮೇಲೆ ಕಂದು ಔಷಧದ ಕಲೆ.
ಎಲ್ಲ ಬಾಯಿಪಾಠ. ಆದರೂ ನೋಡಿಯೇ ಓದಬೇಕು,
ಬಾಯಿಪಾಠಕ್ಕೆ ಕಣ್ಣಿರುವುದಿಲ್ಲ.

ಮೊದಲು ನಮ್ಮ ನಮ್ಮ ಹೆಸರು.
ಹನ್ನೊಂದು ವರ್ಷ ಒಂದೇ ಡಬ್ಬಿಯ ಅವಲಕ್ಕಿ ತಿಂದವರು
ಒಬ್ಬರಿಗೊಬ್ಬರು ಹೆಸರು ಹೇಳಿಕೊಳ್ಳುವುದು!
ಇಂದುಮತಿ ಅಸುಂಡಿ, ಡಾಕ್ಟರ್.
ಕಸ್ತೂರಿ ಬಾಕಳೆ, ಸಿಸ್ಟರ್.
ಬಾಗಿಲ ಹತ್ತಿರ ಟ್ರಾಲಿ ಹಿಡಿದು ನಿಂತವನು ಮೊದಲ ದಿನ
"ನಂದೂ ಹೇಳಬೇಕೇನ್ರಿ?" ಎಂದಿದ್ದ.
ಹೇಳು ಅಂದೆ.
ಟೋಪಿ ಸರಿಮಾಡಿಕೊಂಡು ಹೇಳಿದ: ಮೌಲಾಸಾಬ ನದಾಫ.

ಹಾಳೆ ಬರುವ ಮುಂಚೆ ಒಂದು ಸೋಮವಾರವಿತ್ತು.
ಅಣ್ಣಿಗೇರಿಯ ಪತ್ತಾರ ಮಾಸ್ತರರ ಕಣ್ಣೊಳಗೆ
ಪಕ್ಕದ ಹಾಸಿಗೆಯವರ ಲೆನ್ಸು ಕೂತುಬಿಟ್ಟಿತು.
ಅಂಗೈ ಗೆರೆ ಕಾಣುತ್ತಿತ್ತು ಅವರಿಗೆ,
ಎದುರು ಬರುವ ಬಸ್ಸಿನ ಬೋರ್ಡು ಕಾಣುತ್ತಿರಲಿಲ್ಲ.
"ಇರಲಿ ಬಿಡವಾ, ಹಣೆಬರಹ" ಅಂದು
ದಪ್ಪ ಚಷ್ಮಾ ಕೊಂಡು ಹೋದರು.
ಹಣೆಯದಲ್ಲ ಮಾಸ್ತರ್, ಡಬ್ಬಿ ಮೇಲಿನ ಬರಹ.
ನಾವು ಯಾರೂ ಬಾಯಿ ಬಿಡಲಿಲ್ಲ.

ಇವತ್ತು ಫಕ್ಕೀರವ್ವ.
ಟಾಂಗಾಕೂಟದ ಖಾನಾವಳಿಯಲ್ಲಿ
ದಿನಕ್ಕೆ ಇನ್ನೂರು ರೊಟ್ಟಿಯ ಫಕ್ಕೀರವ್ವ.
ನೀನು ಫಕ್ಕೀರವ್ವ ಹೌದಲ್ಲ, ಎಂದು ಕೇಳಬಾರದು;
ಹೆದರಿದವರು ಯಾವ ಹೆಸರಿಗಾದರೂ ಹೂಂ ಅನ್ನುತ್ತಾರೆ.
ಹೆಸರೇನವಾ? ಅಂದೆ. ಹೇಳಿದಳು.
ಯಾವ ಕಣ್ಣವಾ?
"ರೊಟ್ಟಿ ಬಡಿಯೋ ಕೈ ಕಡೀದು."

ಬಲಗಣ್ಣು ಅಂದಿತು ಇಡೀ ಕೋಣೆ, ಒಂದೇ ಉಸಿರಿಗೆ.
ಮೇಡಂ ಕೂತ ಸ್ಟೂಲು ಬಲಕ್ಕೆ ಸರಿಯಿತು.
ಕಾಗದದಲ್ಲಿ ಎಡ.
ಎರಡೂ ಕಣ್ಣಲ್ಲಿ ಪೊರೆ, ಎರಡಕ್ಕೂ ಹನಿ ಬಿದ್ದಿದೆ,
ಹುಬ್ಬಿನ ಮೇಲೆ ಬರೆದ ಬಾಣ
ಬೆವರಿಗೋ ಸೆರಗಿಗೋ ಅಳಿಸಿಹೋಗಿದೆ.

ಕಾಗದ, ಗುರುತು, ಬಾಯಿ
ಮೂರೂ ಕೂಡದಿದ್ದರೆ ನಿಲ್ಲು, ಅನ್ನುತ್ತದೆ ಏಳನೆಯ ಸಾಲು.
ಹೊರಗೆ ಬೆಂಚಿನ ಮೇಲೆ ಇನ್ನೂ ಹದಿನಾಲ್ಕು ಹಸಿರು ಟೋಪಿ.
"ಕಾಗದ ತಪ್ಪಿರಬೇಕು ಕಸ್ತೂರಿ, ಆಕೀನ ಹೇಳ್ಯಾಳಲ್ಲ, ಮುಂದ ಹೋಗೂಣು."
"ಇಲ್ರಿ ಮೇಡಂ."
ಅದು ನನ್ನ ದನಿ ಎಂದು ಆಮೇಲೆ ಗೊತ್ತಾಯಿತು.

ಯಾರಿಗೂ ಏನೂ ಹೊಳೆಯದ ಆ ಹೊತ್ತಿನಲ್ಲಿ
ಬಾಗಿಲ ಕಡೆಯಿಂದ ಮೌಲಾಸಾಬ:
"ಯವ್ವಾ, ಒಂದ ರೊಟ್ಟಿ ಬಡದು ತೋರಸು."

ಹಸಿರು ಬಟ್ಟೆಯಡಿಯಿಂದ ಕೈ ಎದ್ದಿತು.
ಬರಿ ಗಾಳಿಯ ಮೇಲೆ ತಟ್, ತಟ್, ತಟ್.
ಇನ್ನೊಂದು ಕೈ ಇಲ್ಲದ ಹಿಟ್ಟನ್ನು ಸುತ್ತ ತಿರುಗಿಸಿತು.
ಬಡಿಯುತ್ತಿದ್ದದ್ದು ಎಡಗೈ.
"ಎಡಚಿ ಅದೀನ್ರಿ ನಾ. ನಮ್ಮತ್ತಿ ಬೈದು ಬೈದು ಸತ್ತಳು,
ಕೈ ಕೇಳಲಿಲ್ಲ."

ಮೇಡಂ ಮಾತಾಡಲಿಲ್ಲ. ಸ್ಟೂಲು ಎಡಕ್ಕೆ ಬಂತು.
ಹೊಸ ಬಾಣ ಬರೆದೆವು.
ಲೆನ್ಸು ಇಪ್ಪತ್ತೊಂದೂವರೆ: ಡಬ್ಬಿ ನೋಡಿ ನಾನು ಓದಿದೆ,
ಡಬ್ಬಿ ಇಸಿದುಕೊಂಡು ಅವರೂ ಓದಿದರು,
ಜೋರಾಗಿ, ಒಂದನೇ ಇಯತ್ತೆಯ ಹುಡುಗಿಯ ಹಾಗೆ.

ಹದಿನೆಂಟು ನಿಮಿಷ.
ಹತ್ತಿ ಎಣಿಸಿದೆ, ಸೂಜಿ ಎಣಿಸಿದೆ, ಸಹಿ ಹಾಕಿದೆ.
ಹಾಳೆಯ ಅಂಚಿಗೆ 'ಯಾವ ಕೈಲೆ ರೊಟ್ಟಿ, ಕೇಳು' ಎಂದು
ಬರೆಯಹೋದೆ. ಪ್ಲಾಸ್ಟಿಕ್ ಮೇಲೆ ಪೆನ್ನು ನಿಲ್ಲಲಿಲ್ಲ,
ಬೆರಳಿಗೆ ನೀಲಿ ಹತ್ತಿತು ಅಷ್ಟೆ.

ಟ್ರಾಲಿಯ ಗಾಲಿ ಕಿರ್ರೆಂದಿತು.
ಮುಂದಿನವರು.
ಇಂದುಮತಿ ಅಸುಂಡಿ. ಕಸ್ತೂರಿ ಬಾಕಳೆ. ಮೌಲಾಸಾಬ ನದಾಫ.
ನಿಮ್ಮ ಹೆಸರೇನ್ರಿ ಅಜ್ಜಾರ?